ಅಮೂರ್ತ ಚಿತ್ರ ಮತ್ತು ಅಲಂಕರಣದ ಗಡಿ

ಅಮೂರ್ತ ಚಿತ್ರಕಲೆಯ ಮೌಲ್ಯವನ್ನು ಸಾಮಾನ್ಯವಾಗಿ ಆಕೃತಿಪ್ರಧಾನ ಚಿತ್ರದ ಎದುರಿಗಿಟ್ಟೇ ಚರ್ಚಿಸಲಾಗುತ್ತದೆ. ಆದರೆ ಅದಕ್ಕೆ ಹೆಚ್ಚು ತೊಡಕಿನ ಸವಾಲು ಅಲಂಕರಣ ಕಲೆಯದು. ಇದನ್ನು ಕ್ಯಾಂಡಿನ್‌ಸ್ಕಿಯೇ ಅರಿತಿದ್ದ. ಕಲೆಯಲ್ಲಿನ ಆಧ್ಯಾತ್ಮಿಕತೆಯನ್ನು ಕುರಿತು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಕೃತಿಯ ನಂಟನ್ನು ಒಮ್ಮೆಗೇ ಕಡಿದುಕೊಂಡ ಚಿತ್ರ ಟೈ ಅಥವಾ ರತ್ನಗಂಬಳಿಯ ವಿನ್ಯಾಸವಾಗಿಬಿಡಬಹುದೆಂದು ಆತ ಶಂಕಿಸಿದ್ದ. (ಈ ಹೋಲಿಕೆಯಲ್ಲಿ ನೇಕಾರನಿಗೆ ನ್ಯಾಯ ಸಂದಿಲ್ಲವೆಂಬುದು ಬೇರೆ ಮಾತು.)

ಭಾರತೀಯ ಸಂದರ್ಭದಲ್ಲಿ ಈ ಶಂಕೆಗೆ ಗಟ್ಟಿಯಾದ ಉತ್ತರ ದೊರೆಯುವುದು ವಿ.ಎಸ್. ಗಾಯತೊಂಡೆ (1924–2001) ಅವರ ಚಿತ್ರಗಳಲ್ಲಿ. ರೋಲರ್ ಹಾಗೂ ಬಣ್ಣದ ಚಾಕುವಿನಿಂದ ಅವರು ಬಣ್ಣವನ್ನು ಪದರಪದರವಾಗಿ ಹಚ್ಚಿ, ಕೆರೆದು ತೆಗೆಯುತ್ತಿದ್ದರು. ವರ್ಷಕ್ಕೆ ಮುಗಿಯುತ್ತಿದ್ದುದು ಬೆರಳೆಣಿಕೆಯ ಚಿತ್ರಗಳು. ಅಲಂಕರಣದ ವಿನ್ಯಾಸ ಪುನರಾವರ್ತನೆಯಿಂದ ಬೆಳೆಯುತ್ತದೆ. ಸೀರೆಯ ಅಂಚನ್ನು ಇನ್ನೊಂದು ಮೊಳ ನೇಯ್ದರೂ ವಿನ್ಯಾಸಕ್ಕೆ ಊನವಿಲ್ಲ. ಅದಕ್ಕೆ ಸೀರೆಯೇ ಆಸರೆ. ಆಕೃತಿಚಿತ್ರಕ್ಕೆ ನೋಡುಗನು ಗುರುತಿಸಬಲ್ಲ ವಸ್ತು ಆಸರೆ. ಗಾಯತೊಂಡೆಯವರ ಚಿತ್ರಕ್ಕೆ ಇವೆರಡೂ ಇಲ್ಲ. ಅಲ್ಲಿ ಬಣ್ಣದ ಒಂದು ಗಂಟು ತುಸು ಸರಿದರೂ ಇಡೀ ಅವಕಾಶದ ಸಮತೋಲ ಕದಡುತ್ತದೆ. ಆದ್ದರಿಂದಲೇ ಅಲ್ಲಿನ ಪ್ರತಿಯೊಂದು ನಿರ್ಣಯಕ್ಕೂ ಅಷ್ಟು ಭಾರವಿದೆ.

'ಅಬ್‌ಸ್ಟ್ರ್ಯಾಕ್ಟ್' ಎಂಬ ಹೆಸರನ್ನು ಒಪ್ಪದೆ ಅವರು 'ನಾನ್-ಆಬ್ಜೆಕ್ಟಿವ್' ಎಂಬುದನ್ನು ಬಳಸುತ್ತಿದ್ದರು. ಕನ್ನಡ ವಿಮರ್ಶೆ ಗಮನಿಸಬೇಕಾದ ಅಂಶವಿದು. 'ಅಮೂರ್ತ' ಎಂಬ ಪರಿಭಾಷೆ ಅಭಾವವನ್ನಷ್ಟೇ ಹೇಳುತ್ತದೆ. ಚಿತ್ರಪಟದ ಮೇಲಿನ ಬಣ್ಣ, ಅದರ ದಪ್ಪ, ಅದರೊಳಗಿನ ಬೆಳಕು ಎಲ್ಲವೂ ಮೂರ್ತವೇ. ಇಲ್ಲದಿರುವುದು ಹೊರಗಿನ ವಸ್ತುವಿನ ಉಲ್ಲೇಖ ಮಾತ್ರ. ಆ ಅರ್ಥದಲ್ಲಿ 'ವಸ್ತುನಿರಪೇಕ್ಷ' ಎಂಬುದು, ಕಿವಿಗೆ ತುಸು ಒರಟಾದರೂ, ಹೆಚ್ಚು ನಿಖರವಾದ ಪದ.