ಸಾಂಕೇತಿಕ ಕೊಂಡಿಯೂ ಹಿಂದಿರುಗುವ ದಾರಿಯೂ

ಸಾವನದುರ್ಗದ ಪ್ರವಾಸದಿಂದ ನಾವು ತಂದದ್ದು ಕಾಲುನೋವನ್ನು ಮಾತ್ರವಲ್ಲ; ಕರಿಗುಡ್ಡ, ಬಿಳಿಗುಡ್ಡ, ತಪ್ಪಲಿನ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳ ಚಿತ್ರಗಳನ್ನೂ ತಂದೆವು. ಅವನ್ನು ಗಣಕಯಂತ್ರದಲ್ಲಿ 'ಮಾಗಡಿ' ಎಂಬ ಕೋಶದೊಳಗೆ 'ಸಾವನದುರ್ಗ' ಎಂಬ ಒಳಕೋಶ ಮಾಡಿ ಇಟ್ಟೆನು. ಸಂಚಿಕೆಯ ಕೆಲಸಕ್ಕೂ ಅವೇ ಬೇಕಾದುದರಿಂದ, ನಕಲು ಮಾಡದೆ, 'ಸಂಚಿಕೆ' ಎಂಬ ಬೇರೊಂದು ಕೋಶದಲ್ಲಿ 'ಬೆಟ್ಟ' ಎಂಬ ಸಾಂಕೇತಿಕ ಕೊಂಡಿಯನ್ನು ಹಾಕಿದೆನು.

ಈ ಕೊಂಡಿ ಕವಲುದಾರಿಯ ಕೈಮರವಿದ್ದಂತೆ. ಅದರಲ್ಲಿ ಚಿತ್ರಗಳಿಲ್ಲ, ಅವಿರುವ ಕೋಶದ ವಿಳಾಸ ಮಾತ್ರ ಇದೆ. ಆದರೆ ಊರ ಕೈಮರವು ದಾರಿ ತೋರಿ ಸುಮ್ಮನಾಗುತ್ತದೆ. ಇದಾದರೋ ಮುಟ್ಟಿದವರನ್ನು ಅಲ್ಲಿಗೇ ಒಯ್ದುಬಿಡುತ್ತದೆ. ಬರ್ಕ್‌ಲಿ ವಿಶ್ವವಿದ್ಯಾನಿಲಯದವರು 1983ರಲ್ಲಿ ಹೊರತಂದ ಯೂನಿಕ್ಸ್‌ನಲ್ಲಿ ಇಂಥ ಕೊಂಡಿಗಳಿದ್ದವು.

ತೊಡಕು ಹಿಂದಿರುಗುವಾಗ. 'ಬೆಟ್ಟ'ವನ್ನು ಹೊಕ್ಕವನು ಎರಡು ಚುಕ್ಕಿ ಬರೆದು 'ಹೊರಕೋಶ' ಎಂದರೆ, ಅದು ತಾನು ಬಂದ 'ಸಂಚಿಕೆ'ಯೋ, ನಿಜವಾದ ತಾಯಿಕೋಶವಾದ 'ಮಾಗಡಿ'ಯೋ? ಯಂತ್ರದ ತಿರುಳಾದ ಕರ್ನಲ್‌ಗೆ ನಾವು ಬಂದ ದಾರಿ ನೆನಪಿರುವುದಿಲ್ಲ. ಅದು 'ಮಾಗಡಿ' ಎನ್ನುತ್ತದೆ. ನಮ್ಮ ಆಜ್ಞೆಗಳನ್ನು ಓದುವ ಶೆಲ್ ಮಾತ್ರ ಬಂದ ದಾರಿಯನ್ನು ಬರೆದಿಟ್ಟುಕೊಂಡು, ಕೊನೆಯ ಹೆಸರನ್ನು ಅಳಿಸಿ, 'ಸಂಚಿಕೆ'ಗೆ ಕರೆತರುತ್ತದೆ. ಬೆಲ್ ಪ್ರಯೋಗಾಲಯದ ಡೇವಿಡ್ ಕಾರ್ನ್ ಅವರ ಶೆಲ್‌ನಲ್ಲಿದ್ದ ಈ ಕ್ರಮವನ್ನೇ ಮುಂದೆ ಪಾಸಿಕ್ಸ್ ನಿಯಮವೂ ರೂಢಿಯಾಗಿ ಒಪ್ಪಿತು.

ಬಂದ ದಾರಿಯಲ್ಲೇ ಹಿಂದಿರುಗಬೇಕೆಂಬುದು ನಡೆಯುವವನ ಸಹಜ ಅಪೇಕ್ಷೆ. ಆದುದರಿಂದ ಕಾರ್ನ್ ಅವರ ಪಕ್ಷವೇ ನನಗೆ ಒಪ್ಪಿಗೆ. ಆದರೆ ಈ ಉಪಕಾರ ಅರ್ಧದ್ದು. ಕೋಶ ಬದಲಿಸುವ ಆಜ್ಞೆಯೊಂದು ಹೀಗೆ ನಡೆದರೆ, ಪಟ್ಟಿ ತೋರಿಸುವ, ಅಳಿಸುವ ಆಜ್ಞೆಗಳು ಕರ್ನಲ್ಲನ್ನೇ ಕೇಳುತ್ತವೆ. ಇದನ್ನರಿಯದೆ ನಾನು 'ಬೆಟ್ಟ'ದೊಳಗಿದ್ದುಕೊಂಡೇ, 'ಸಂಚಿಕೆ'ಯ ಬೇಡದ ಚಿತ್ರಗಳನ್ನು ಅಳಿಸೋಣವೆಂದು ಎರಡು ಚುಕ್ಕಿಯೊಡನೆ ಆಜ್ಞೆ ಕೊಟ್ಟೆನು. ಅಳಿದದ್ದು 'ಮಾಗಡಿ'ಯಲ್ಲಿದ್ದ ಸೋಮೇಶ್ವರ ದೇವಾಲಯದ ಚಿತ್ರಗಳು! ಯಂತ್ರವೇನೋ ಸುಳ್ಳಾಡಲಿಲ್ಲ, ಒಂದೇ ಮಾತಿಗೆ ಎರಡರ್ಥ ಇಟ್ಟುಕೊಂಡಿತ್ತು, ಅಷ್ಟೆ.

ರಾಬ್ ಪೈಕ್ ಎಂಬವರು 2000ದಲ್ಲಿ ಇದಕ್ಕೆ ಮದ್ದೊಂದನ್ನು ಹೇಳಿದರು. ಅವರ 'ಪ್ಲಾನ್ 9' ವ್ಯವಸ್ಥೆಯಲ್ಲಿ ಸಾಂಕೇತಿಕ ಕೊಂಡಿಗಳೇ ಇಲ್ಲ. ಯಾವ ಹೆಸರಿನಿಂದ ಒಳಹೊಕ್ಕೆವೆಂಬುದನ್ನು ಕರ್ನಲ್ಲೇ ನೆನಪಿಟ್ಟುಕೊಳ್ಳುತ್ತದೆ. ನಮ್ಮ ಯಂತ್ರಗಳಲ್ಲಿ ಆ ಸೌಕರ್ಯವಿಲ್ಲವಾದುದರಿಂದ, ಅಳಿಸುವ ಮೊದಲು 'ಪಿ-ಡಬ್ಲ್ಯು-ಡಿ' ಆಜ್ಞೆಗೆ ಅಡ್ಡಗೆರೆಯನ್ನೂ ದೊಡ್ಡಕ್ಷರದ 'ಪಿ'ಯನ್ನೂ ಸೇರಿಸಿ, ನಿಂತ ನಿಜಸ್ಥಳವನ್ನು ಕೇಳಿ ತಿಳಿಯುತ್ತಿದ್ದೇನೆ. ಸೋಮೇಶ್ವರನ ಚಿತ್ರಗಳು ಪುಣ್ಯಕ್ಕೆ ಗೆಳೆಯನೊಬ್ಬನ ಫೋನಿನಲ್ಲಿ ಉಳಿದಿದ್ದವು.