ಹಳೇ ಟ್ರ್ಯಾಕ್ಟರ್ ಎಂಜಿನ್ 'ಕಟ ಕಟ' ಅಂತಿದ್ಯಾ? ಬಿಚ್ಚಿಸೋ ಮುಂಚೆ ಇದನ್ನ ಓದಿ

ಯುಗಾದಿ ಕಳೆದು ಒಂದೆರಡು ಹದ ಮಳೆ ಬಿದ್ದರೆ ಸಾಕು, ಹನಗೋಡು ಹೋಬಳಿಯಲ್ಲಿ ಟ್ರ್ಯಾಕ್ಟರ್‌ಗಳಿಗೆ ಬಿಡುವೇ ಇರಲ್ಲ. ಹೊಗೆಸೊಪ್ಪಿನ ಸಸಿ ನಾಟಿಗೆ ಮುಂಚೆ ಎರಡು ಮೂರು ಸಲ ಉಳುಮೆ, ಆಮೇಲೆ ಲಕ್ಷ್ಮಣತೀರ್ಥದ ನಾಲೆ ಬಯಲಲ್ಲಿ ಭತ್ತದ ಗದ್ದೆಗೆ ಕೆಸರು ಹೊಡೆಯೋದು, ಕೊನೆಗೆ ಬೇಲ್ ಹೇರಿಕೊಂಡು ಚಿಲ್ಕುಂದ, ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಓಡಾಟ. ಇಂಥ ಟೈಮಲ್ಲೇ ಹದಿನೈದು ಇಪ್ಪತ್ತು ವರ್ಷದ ಗಾಡಿ ಒಂದು ಬೆಳಗ್ಗೆ ಹೊಸ ಸದ್ದು ಶುರು ಮಾಡುತ್ತೆ.

ನಮ್ಮ ಮನೆಯ ಮೂರು ಸಿಲಿಂಡರ್ ಗಾಡಿಯಲ್ಲೂ ಹೀಗೇ ಆಯ್ತು. ಮೊದಲು ನೋಡಿದ ಮೆಕ್ಯಾನಿಕ್ "ಬೇರಿಂಗ್ ಹೋಗಿದೆ ಕಣಣ್ಣ, ಫುಲ್ ಎಂಜಿನ್ ಇಳಿಸ್ಬೇಕು" ಅಂದುಬಿಟ್ಟರು. ಅಪ್ಪ ಒಪ್ಪಲಿಲ್ಲ, ಇನ್ನೊಬ್ಬರನ್ನ ಕರೆಸಿದರು. ಅವರು ಅರ್ಧ ಗಂಟೆ ಪರೀಕ್ಷೆ ಮಾಡಿ ಒಂದು ಇಂಜೆಕ್ಟರ್ ನಾಜಲ್ ಬದಲಿಸಿದರು, ಸದ್ದು ನಿಂತಿತು. ಇದರ ಉಲ್ಟಾ ಕೂಡ ನೋಡಿದ್ದೀನಿ. "ಡೀಸೆಲ್ ಸದ್ದು, ಬಿಡು" ಅಂತ ಎರಡು ದಿನ ಓಡಿಸಿದ ಪರಿಚಯದವರ ಗಾಡಿಯಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್‌ಗೇ ತೂತು ಬಿತ್ತು. ಸದ್ದು ಎಲ್ಲಿಂದ ಬರ್ತಿದೆ ಅಂತ ತಿಳಿಯೋದು ಅದಕ್ಕೇ ಮುಖ್ಯ.

ಮೊದಲು: ಎಲ್ಲ ಸದ್ದೂ ರೋಗವಲ್ಲ

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿ ಬಿಸಿಯಾದ ಗಾಳಿಗೆ ಡೀಸೆಲ್ ಚಿಮ್ಮಿದಾಗ ತಾನಾಗೇ ಹತ್ತಿಕೊಳ್ಳುತ್ತೆ. ಚಿಮ್ಮೋದಕ್ಕೂ ಹತ್ತೋದಕ್ಕೂ ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಸಮಯ ತಡ ಇರುತ್ತೆ. ಈ ತಡ ಹೆಚ್ಚಾದಷ್ಟೂ ಒಳಗೆ ಜಾಸ್ತಿ ಡೀಸೆಲ್ ಸೇರಿ ಒಮ್ಮೆಲೇ ಹತ್ತುತ್ತೆ, 'ಟಣ್' ಅಂತ ಬಡಿಯುತ್ತೆ. ಚಳಿಗಾಲದ ಬೆಳಗ್ಗೆ ಸದ್ದು ಜಾಸ್ತಿ ಇದ್ದು ಎಂಜಿನ್ ಬಿಸಿಯಾದ ಮೇಲೆ ಕಡಿಮೆ ಆದರೆ ಗಾಬರಿ ಬೇಡ. ನಿನ್ನೆ ಇಲ್ಲದ ಸದ್ದು ಇವತ್ತು ಬಂದಿದ್ರೆ, ಅಥವಾ ದಿನದಿನಕ್ಕೆ ಏರ್ತಿದ್ರೆ ಮಾತ್ರ ಮುಂದೆ ಓದಿ.

ಹೆಜ್ಜೆ 1: ಎಂಜಿನ್ ಆಫ್ ಮಾಡಿ, ಆಯಿಲ್ ನೋಡಿ

ಗಾಡಿಯನ್ನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ.

- ಮಟ್ಟ ಕೆಳಗಿನ ಗೀಟಿಗಿಂತ ಕಡಿಮೆ ಇದ್ರೆ: ಮೊದಲು ಆಯಿಲ್ ತುಂಬಿಸಿ. ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ.
- ಮಟ್ಟ ಏರಿದ್ದು, ನೀರಿನಂತೆ ತೆಳ್ಳಗಿದ್ದು, ಡೀಸೆಲ್ ವಾಸನೆ ಬಂದ್ರೆ: ಡೀಸೆಲ್ ಒಳಗೆ ಸೋರ್ತಿದೆ. ತೆಳ್ಳಗಾದ ಆಯಿಲ್ ಬೇರಿಂಗ್ ಕಾಪಾಡಲ್ಲ.
- ಹಾಲು ಕಾಫಿ ಬಣ್ಣ ಇದ್ರೆ: ನೀರು ಸೇರಿದೆ. ಓಡಿಸಬೇಡಿ.
- ಬೆರಳಿಗೆ ಹಚ್ಚಿ ಬಿಸಿಲಲ್ಲಿ ನೋಡಿ. ಮಿನುಗುವ ಚೂರು ಕಂಡರೆ ಒಳಗಿನ ಲೋಹ ಸವೀತಿದೆ ಅಂತ ಅರ್ಥ.

ಹೆಜ್ಜೆ 2: ಆಯಿಲ್ ಪ್ರೆಷರ್

ಇದೆಲ್ಲ ಸರಿ ಇದ್ರೆ ಸ್ಟಾರ್ಟ್ ಮಾಡಿ, ಮೀಟರ್ ಅಥವಾ ಕೆಂಪು ಲೈಟ್ ಮೇಲೆ ಕಣ್ಣಿಡಿ. ಪ್ರೆಷರ್ ಬೀಳ್ತಿದ್ದು ಜೊತೆಗೆ ಭಾರವಾದ ಬಡಿತ ಇದ್ರೆ ಅಲ್ಲೇ ಆಫ್ ಮಾಡಿ. "ಮನೆವರೆಗೆ ಹೋಗಿಬಿಡ್ತೀನಿ" ಅನ್ನೋದು ಬೇಡ. ಇನ್ನೊಂದು ಗಾಡಿ ಕರೆಸಿ ಎಳೆಸಿ. ಹಳೇ ಗಾಡಿಗಳಲ್ಲಿ ಮೀಟರೇ ಕೆಟ್ಟಿರುತ್ತೆ. ಅಂಥ ಕಡೆ ಮೆಕ್ಯಾನಿಕ್ ಹತ್ತಿರ ಇರೋ ಬೇರೆ ಗೇಜ್ ಹಾಕಿಸಿ ನೋಡಿ.

ಹೆಜ್ಜೆ 3: ಸದ್ದು ಎಂಜಿನ್‌ದೇನಾ?

ಕ್ಲಚ್ ತುಳಿಯಿರಿ. ಸದ್ದು ಬದಲಾದ್ರೆ ಕ್ಲಚ್ ಕಡೆ ನೋಡಬೇಕು. ಎಂಜಿನ್ ಆಫ್ ಮಾಡಿ, ಫ್ಯಾನ್ ಬೆಲ್ಟ್ ತೆಗೆದು, ಒಂದು ನಿಮಿಷ ಮಾತ್ರ ಓಡಿಸಿ. ಸದ್ದು ನಿಂತ್ರೆ ವಾಟರ್ ಪಂಪ್, ಫ್ಯಾನ್ ಅಥವಾ ಡೈನಮೋ ಬೇರಿಂಗ್. ಎಂಜಿನ್ ಕೂರಿಸಿದ ಬೋಲ್ಟ್‌ಗಳನ್ನೂ ಬಿಗಿ ಮಾಡಿ ನೋಡಿ. ಎಷ್ಟೋ 'ಬೇರಿಂಗ್ ಸದ್ದು' ಇಲ್ಲೇ ಮುಗಿಯುತ್ತೆ.

ಹೆಜ್ಜೆ 4: ಕಿವಿ ಕೊಟ್ಟು ಜಾಗ ಹಿಡಿಯಿರಿ

ಉದ್ದದ ಸ್ಕ್ರೂಡ್ರೈವರ್ ತುದಿಯನ್ನ ಎಂಜಿನ್ ಮೇಲಿಟ್ಟು ಹಿಡಿಯನ್ನ ಕಿವಿ ಹತ್ತಿರ ಒತ್ತಿಕೊಳ್ಳಿ, ಡಾಕ್ಟರ್ ಸ್ಟೆತಸ್ಕೋಪ್ ತರ. ಟವೆಲ್, ಸಡಿಲ ಅಂಗಿ ಫ್ಯಾನ್ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.

- ಮೇಲೆ, ವಾಲ್ವ್ ಕವರ್ ಕೆಳಗೆ ಹಗುರವಾದ 'ಟಿಕ್ ಟಿಕ್': ಟ್ಯಾಪೆಟ್. ಗ್ಯಾಪ್ ಸೆಟ್ ಮಾಡಿಸಿದರೆ ಆಯ್ತು.
- ತಣ್ಣಗಿದ್ದಾಗ ಟೊಳ್ಳು ಬಡಿತ, ಬಿಸಿಯಾದ ಮೇಲೆ ಕಡಿಮೆ, ಬ್ರೀದರ್‌ನಲ್ಲಿ ಹೊಗೆ, ಆಯಿಲ್ ಕಡಿಮೆ ಆಗೋದು: ಪಿಸ್ಟನ್, ಲೈನರ್ ಸವೆದಿದೆ. ಸೀಸನ್ ಮುಗಿಸಿ ಕೆಲಸ ಮಾಡಿಸಬಹುದು, ಆದರೆ ಆಯಿಲ್ ದಿನಾ ನೋಡಬೇಕು.
- ಬ್ಲಾಕ್ ಪಕ್ಕದಲ್ಲಿ ಭಾರವಾದ 'ಕಟ ಕಟ', ಅದರಲ್ಲೂ ರೇಸ್ ಕೊಟ್ಟು ಬಿಟ್ಟಾಗ ಜಾಸ್ತಿ: ಬಿಗ್ ಎಂಡ್ ಬೇರಿಂಗ್. ಓಡಿಸಬೇಡಿ.
- ತೀರಾ ಕೆಳಗಿನಿಂದ, ಲೋಡ್ ಬಿದ್ದಾಗ 'ಧಡ್ ಧಡ್' ಅನ್ನೋ ಆಳದ ಸದ್ದು: ಮೇನ್ ಬೇರಿಂಗ್. ಇದನ್ನೂ ಓಡಿಸಬೇಡಿ.
- ಹೆಡ್ ಹತ್ತಿರ ಚೂಪಾದ 'ಟಣ್ ಟಣ್', ಜೊತೆಗೆ ಬಿಳಿ ಅಥವಾ ಕಪ್ಪು ಹೊಗೆ: ಇಂಜೆಕ್ಟರ್ ಅಥವಾ ಪಂಪ್ ಟೈಮಿಂಗ್ ಮೇಲೆ ಅನುಮಾನ.

ಕೊನೆಯದಕ್ಕೂ ಬಿಗ್ ಎಂಡ್‌ಗೂ ಕಿವಿ ಮೋಸ ಹೋಗೋದು ಸಾಮಾನ್ಯ. ನಮ್ಮ ಗಾಡಿಯಲ್ಲಿ ಆಗಿದ್ದೂ ಅದೇ. ಅದಕ್ಕೆ ಮುಂದಿನ ಪರೀಕ್ಷೆ.

ಹೆಜ್ಜೆ 5: ಒಂದೊಂದೇ ಸಿಲಿಂಡರ್ ಕಟ್ ಮಾಡೋದು

ಇದನ್ನ ಮೆಕ್ಯಾನಿಕ್ ಜೊತೆಗಿದ್ದು ಮಾಡಿಸಿ. ಎಂಜಿನ್ ನಿಧಾನಕ್ಕೆ ಓಡ್ತಿರುವಾಗ ಒಂದು ಇಂಜೆಕ್ಟರ್‌ನ ಪೈಪ್ ನಟ್ ಮೇಲೆ ಬಟ್ಟೆ ಮುಚ್ಚಿ ಅರ್ಧ ಸುತ್ತು ಸಡಿಲಿಸಬೇಕು. ಆ ಸಿಲಿಂಡರ್‌ಗೆ ಡೀಸೆಲ್ ಹೋಗಲ್ಲ. ಕನ್ನಡಕ ಹಾಕಿಕೊಳ್ಳಿ, ಕೈ ಅಡ್ಡ ಇಡಬೇಡಿ. ಪ್ರೆಷರ್‌ನಲ್ಲಿ ಚಿಮ್ಮೋ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ಹಾಗೇನಾದ್ರೂ ಆದರೆ ಗಾಯ ಚಿಕ್ಕದು ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಮನ್ ರೈಲ್ ಇರೋ ಹೊಸ ಎಂಜಿನ್‌ಗಳಲ್ಲಿ ಈ ಪರೀಕ್ಷೆ ಬೇಡವೇ ಬೇಡ, ಅಲ್ಲಿ ಪ್ರೆಷರ್ ತುಂಬಾ ಜಾಸ್ತಿ.

ಈಗ ಗಮನಿಸಿ:

- ಎಂಜಿನ್ ತಡವರಿಸಿತು, ಬಡಿತ ಹಾಗೇ ಇದೆ: ಆ ಸಿಲಿಂಡರ್ ಸರಿ ಇದೆ. ನಟ್ ಬಿಗಿ ಮಾಡಿ ಮುಂದಿನದು ನೋಡಿ.
- ಎಂಜಿನ್‌ನಲ್ಲಿ ಏನೂ ವ್ಯತ್ಯಾಸ ಇಲ್ಲ: ಆ ಸಿಲಿಂಡರ್ ಮೊದಲೇ ಕೆಲಸ ಮಾಡ್ತಿರಲಿಲ್ಲ.
- ಬಡಿತ ನಿಂತಿತು ಅಥವಾ ತುಂಬಾ ಕಡಿಮೆ ಆಯ್ತು: ಕಳ್ಳ ಇದೇ ಸಿಲಿಂಡರ್‌ನಲ್ಲಿದ್ದಾನೆ.

ಆದರೆ ಇಲ್ಲೇ ನಿಲ್ಲಬೇಡಿ. ಇಂಜೆಕ್ಟರ್ ಕೆಟ್ಟಿದ್ರೂ ಬಡಿತ ನಿಲ್ಲುತ್ತೆ, ಬಿಗ್ ಎಂಡ್ ಹೋಗಿದ್ರೂ ಕಡಿಮೆ ಆಗುತ್ತೆ. ಯಾಕಂದ್ರೆ ಎರಡರಲ್ಲೂ ಬಡಿಯೋಕೆ ಬಲ ಕೊಡೋದು ಒಳಗಿನ ಸ್ಫೋಟವೇ.

ಹೆಜ್ಜೆ 6: ಇಂಜೆಕ್ಟರ್ ಅದಲು ಬದಲು

ಆಯಿಲ್ ಪ್ರೆಷರ್ ಚೆನ್ನಾಗಿದ್ರೆ ಮಾತ್ರ ಈ ಹೆಜ್ಜೆ. ಅನುಮಾನದ ಸಿಲಿಂಡರ್‌ನ ಇಂಜೆಕ್ಟರ್ ತೆಗೆದು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನ ಇಲ್ಲಿಗೆ ಹಾಕಿಸಿ. ಹೊಸ ತಾಮ್ರದ ವಾಷರ್ ಬಳಸಿ, ಪೈಪ್‌ನ ಗಾಳಿ ತೆಗೆಯಿರಿ. ನಂತರ ಮತ್ತೆ ಕಟ್ ಪರೀಕ್ಷೆ ಮಾಡಿ.

ಬಡಿತ ಇಂಜೆಕ್ಟರ್ ಜೊತೆಗೇ ಪಕ್ಕದ ಸಿಲಿಂಡರ್‌ಗೆ ಹೋಯ್ತಾ? ತಪ್ಪು ಇಂಜೆಕ್ಟರ್‌ದೇ. ನಾಜಲ್ ಟೆಸ್ಟ್ ಮಾಡಿಸಿದ್ರೆ ಸಾಕು. ಬಡಿತ ಹಳೇ ಜಾಗದಲ್ಲೇ ಉಳಿಯಿತಾ? ಹಾಗಾದ್ರೆ ಬೇರಿಂಗ್, ಪಿಸ್ಟನ್ ಪಿನ್ ಕಡೆ ಹೋಗಬೇಕು. ಆಗ ಕೆಳಗಿನ ಸಂಪ್ ಇಳಿಸಿ ನೋಡಿಸಿ.

ಎಲ್ಲ ಸಿಲಿಂಡರ್‌ಗಳಲ್ಲೂ ಒಂದೇ ತರ ಬಡಿತ ಇದ್ರೆ ಕಥೆ ಬೇರೆ. ಪಂಪ್ ಬಿಚ್ಚಿ ಹಾಕಿದ ಮೇಲೆ ಶುರುವಾಗಿದ್ರೆ ಟೈಮಿಂಗ್ ಮಾರ್ಕ್ ಸೇರಿದೆಯಾ ನೋಡಿ. ಕ್ಯಾನ್‌ನಲ್ಲಿ ತಂದ ಡೀಸೆಲ್ ಹಾಕಿದ ಮೇಲೆ ಶುರುವಾಗಿದ್ರೆ ಅದನ್ನ ಬಸಿದು ಒಳ್ಳೇ ಡೀಸೆಲ್ ಹಾಕಿ. ಕಲಬೆರಕೆ ಡೀಸೆಲ್ ಪಂಪನ್ನೂ ಸವೆಸುತ್ತೆ.

ಬೇಗ ಹಿಡಿದರೆ ಎಷ್ಟು ಉಳಿಯುತ್ತೆ?

ಬೇರಿಂಗ್ ಮಾತ್ರ ಸವೆದು ಕ್ರ್ಯಾಂಕ್ ನುಣುಪಾಗಿದ್ರೆ, ಅಳತೆ ನೋಡಿ ಬೇರಿಂಗ್ ಬದಲಿಸಿದರೆ ಮುಗೀತು. ಕ್ರ್ಯಾಂಕ್‌ಗೆ ಗೀರು ಬಿದ್ದಿದ್ರೆ ಗ್ರೈಂಡಿಂಗ್ ಮಾಡಿಸಿ ಹತ್ತು ಅಥವಾ ಇಪ್ಪತ್ತು ಸೈಜ್ ಬೇರಿಂಗ್ ಹಾಕಬೇಕು. ರಾಡ್ ಮುರಿದು ಬ್ಲಾಕ್ ಒಡೆದರೆ ಎಂಜಿನ್ನೇ ಹೋದಂತೆ. ಈ ಮೂರರ ನಡುವೆ ಇರೋದು ಕೆಲವೊಮ್ಮೆ ಒಂದೆರಡು ಗಂಟೆ ಉಳುಮೆ ಅಷ್ಟೇ. ಬೇರಿಂಗ್ ಯಾಕೆ ಹೋಯ್ತು ಅನ್ನೋದನ್ನೂ ಕೇಳಿ. ಆಯಿಲ್ ಪಂಪ್, ಸ್ಟ್ರೈನರ್ ನೋಡದೆ ಹೊಸ ಬೇರಿಂಗ್ ಹಾಕಿದರೆ ಅದೂ ಹೋಗುತ್ತೆ.

ನಿಮ್ಮ ಫೋನ್ ಉಪಯೋಗ

ಮೆಕ್ಯಾನಿಕ್‌ಗೆ ಬರೀ "ಅಣ್ಣ, ಸದ್ದು ಬರ್ತದೆ" ಅಂದ್ರೆ ಸಾಲದು. ಆಯಿಲ್ ಪ್ರೆಷರ್ ಸರಿ ಇದ್ರೆ ಒಂದೇ ವಿಡಿಯೋದಲ್ಲಿ ತಣ್ಣನೆ ಸ್ಟಾರ್ಟ್, ನಿಧಾನದ ಓಟ, ಸ್ವಲ್ಪ ರೇಸ್, ರೇಸ್ ಬಿಟ್ಟಾಗಿನ ಸದ್ದು, ಹೊಗೆಯ ಬಣ್ಣ, ಪ್ರೆಷರ್ ಮೀಟರ್ ಎಲ್ಲ ಬರಲಿ. ಕೊನೇ ಆಯಿಲ್ ಬದಲಿಸಿದ್ದು ಯಾವಾಗ ಅಂತ ಬರೆದು ವಾಟ್ಸಾಪ್ ಮಾಡಿ. ಆದರೆ ಫೋನಿನ ಚಿಕ್ಕ ಮೈಕ್ ಆಳದ 'ಧಡ್' ಸದ್ದನ್ನ ಸರಿಯಾಗಿ ಹಿಡಿಯಲ್ಲ. ವಿಡಿಯೋ ನೋಡಿ "ಏನಿಲ್ಲ, ಓಡ್ಸು" ಅಂದರೂ ನಿಮ್ಮ ಕಿವಿಗೆ ಅನುಮಾನ ಇದ್ರೆ ಗಾಡಿ ತೆಗೀಬೇಡಿ, ಅವರನ್ನ ಕರೆಸಿ ತೋರಿಸಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಮಾತು

ನೀವು ಹೋಗೋ ಹೊತ್ತಿಗೆ ಎಂಜಿನ್ ಬಿಸಿ ಇದ್ರೆ ವ್ಯಾಪಾರ ಮುಂದಕ್ಕೆ ಹಾಕಿ. "ನಾಳೆ ಬೆಳಗ್ಗೆ ಬರ್ತೀನಿ, ನಾನೇ ಸ್ಟಾರ್ಟ್ ಮಾಡ್ತೀನಿ" ಅನ್ನಿ. ಪಿಸ್ಟನ್ ಸವೆತದ ಸದ್ದು ಬಿಸಿ ಎಂಜಿನ್‌ನಲ್ಲಿ ಅಡಗುತ್ತೆ. ಹೊಸದಾಗಿ ದಪ್ಪ ಆಯಿಲ್ ಹಾಕಿದ್ರೆ ಬೇರಿಂಗ್ ಸದ್ದೂ ಸ್ವಲ್ಪ ದಿನ ಮುಚ್ಚಿಹೋಗುತ್ತೆ. ಆದ್ದರಿಂದ ಕಲ್ಟಿವೇಟರ್ ಹಾಕಿ ಅರ್ಧ ಗಂಟೆ ಉತ್ತು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪ್ರೆಷರ್ ಎಷ್ಟಿದೆ ನೋಡಿ. ಆಮೇಲೆ ಬೆಲೆ ಮಾತಾಡಿ.