ಸಣ್ಣ ಅನುದಾನ, ಸ್ವಂತ ಪ್ರಶ್ನೆ

ಎಂ.ಡಿ. ಮುಗಿಸಿ ಮೆಡಿಕಲ್ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿಕೊಂಡಿದ್ದೀಯ. ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಕ್ಲಾಸು, ನಡುನಡುವೆ ನೈಟ್ ಡ್ಯೂಟಿ. ಯುವ ಸಂಶೋಧಕರಿಂದ ಅರ್ಜಿ ಕರೆದಿದ್ದಾರೆ ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ನೀನು ಮೊದಲು ನೋಡುವುದು ಮೊತ್ತ. ‘ಇಷ್ಟರಲ್ಲಿ ಏನಾಗುತ್ತೆ ಸಾರ್?’ ಅಂತ ಫೋನು ಕೆಳಗಿಡುತ್ತೀಯ. ಈ ಮಾತನ್ನು ನಾನು ಎಷ್ಟೋ ಹುಡುಗ ಹುಡುಗಿಯರ ಬಾಯಲ್ಲಿ ಕೇಳಿದ್ದೇನೆ. ಅರ್ಜಿಗಳನ್ನು ಓದಿ ಅಂಕ ಹಾಕುವ ಕಡೆ ಕೂತಾಗ ಇದಕ್ಕೆ ತದ್ವಿರುದ್ಧವಾದ ತೊಂದರೆ ಕಂಡಿದ್ದೇನೆ: ಕೊಡುವ ದುಡ್ಡು ಸಣ್ಣದು, ಕೇಳಿರುವ ಪ್ರಶ್ನೆ ಮಾತ್ರ ಇಡೀ ಭಾರತದ ಮಧುಮೇಹವನ್ನೇ ಬಗೆಹರಿಸುವಂಥದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ನಾವು ಖರ್ಚಿಗೆ ಹೇಳಿಕೊಳ್ಳುತ್ತೇವೆ. ಸಂಶೋಧನೆಯಲ್ಲಿ ಅದನ್ನು ಪ್ರಶ್ನೆಗೆ ಹೇಳಿಕೊಳ್ಳಬೇಕು.

ಸಣ್ಣ ಅನುದಾನ ಕೊಡುವವರು ನಿನ್ನಿಂದ ರೋಗಕ್ಕೆ ಮದ್ದು ನಿರೀಕ್ಷಿಸುವುದಿಲ್ಲ. ಗೈಡ್ ಪಕ್ಕದಲ್ಲಿಲ್ಲದೆ ಈ ಮನುಷ್ಯ ಒಂದು ಪ್ರಶ್ನೆ ಹುಟ್ಟಿಸಬಲ್ಲನೇ, ಹಿಡಿದ ಕೆಲಸ ಮುಗಿಸಬಲ್ಲನೇ, ಲೆಕ್ಕ ಒಪ್ಪಿಸಬಲ್ಲನೇ ಎಂಬುದಷ್ಟೇ ಅವರಿಗೆ ಬೇಕು. ಹಾಗೆ ನೋಡಿದರೆ ಸಣ್ಣ ಮೊತ್ತವೇ ಒಳ್ಳೆಯದು. ಕೋಟಿ ರೂಪಾಯಿ ಕೊಟ್ಟರೆ ಮೊದಲ ವರ್ಷವಿಡೀ ಯಂತ್ರ ಕೊಳ್ಳುವುದರಲ್ಲೇ ಹೋಗುತ್ತದೆ.

ಶಂಭುನಾಥ ಡೇ ಅವರ ಕೆಲಸ ನಿನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಪ್ಪು ನಮ್ಮ ಪಠ್ಯಪುಸ್ತಕಗಳದ್ದು. ಕೋಲ್ಕತ್ತದ ಪೆಥಾಲಜಿಸ್ಟ್. ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಊರಿಗೆ ಮರಳಿದಾಗ ಅವರ ಕೈಯಲ್ಲಿ ದೊಡ್ಡ ಪ್ರಯೋಗಾಲಯವೇನೂ ಇರಲಿಲ್ಲ. ಸುತ್ತ ಕಾಲರಾ ಇತ್ತು. ಕಾಲರಾ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಿ ಆಗಲೇ ಅರವತ್ತು ವರ್ಷ ಮೀರಿತ್ತು. ಆದರೂ ಅದು ಮನುಷ್ಯನ ಮೈಯಿಂದ ನೀರನ್ನು ಹೇಗೆ ಹೀರಿ ಹೊರಹಾಕುತ್ತದೆ ಎಂಬುದು ಬಗೆಹರಿದಿರಲಿಲ್ಲ. ಡೇ ಮಾಡಿದ್ದು ಇಷ್ಟು: ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡು ಕಡೆ ದಾರದಿಂದ ಕಟ್ಟಿ, ಆ ನಡುವೆ ಕಾಲರಾ ರೋಗಾಣುವನ್ನು ಚುಚ್ಚಿ, ಮರುದಿನ ತೆರೆದು ನೋಡಿದರು. ಕಟ್ಟಿದ ಭಾಗ ನೀರು ತುಂಬಿ ಊದಿಕೊಂಡಿತ್ತು. ಸಹೋದ್ಯೋಗಿ ಚಟರ್ಜಿಯವರ ಜೊತೆ ಸೇರಿ ಇದನ್ನು 1953ರಲ್ಲಿ ಪ್ರಕಟಿಸಿದರು. ಆಮೇಲೆ ಇನ್ನೊಂದೇ ಹೆಜ್ಜೆ. ರೋಗಾಣುವನ್ನೇ ಸೋಸಿ ತೆಗೆದು, ಉಳಿದ ದ್ರವವನ್ನು ಮಾತ್ರ ಚುಚ್ಚಿದರು. ಕರುಳು ಆಗಲೂ ಊದಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ರೋಗಾಣು ಉಗುಳುವ ಒಂದು ವಿಷ. ಇದು 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ದಾರ, ಸಿರಿಂಜು, ಮೊಲ, ಒಂದು ಫಿಲ್ಟರ್. ಬದುಕಿದ್ದಾಗ ನಮ್ಮ ದೇಶದ ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ ಅನ್ನುವುದು ಬೇರೆಯೇ ಕಥೆ. ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಡೇ ಅವರ ಬಡತನವನ್ನು ಹೊಗಳಲು ಇದನ್ನು ಹೇಳಲಿಲ್ಲ. ದುಡ್ಡಿಲ್ಲದೆ ವಿಜ್ಞಾನ ಮಾಡು ಅಂತ ಯುವಕರಿಗೆ ಉಪದೇಶಿಸುವ ಹಿರಿಯರನ್ನು ನಂಬಬೇಡ. ಅವರ ಕೋಣೆಯಲ್ಲಿ ಎ.ಸಿ. ಇರುತ್ತದೆ. ನೀನು ನೋಡಬೇಕಾದ್ದು ಪ್ರಶ್ನೆಯ ಅಳತೆಯನ್ನು. ಹೌದೋ ಅಲ್ಲವೋ ಅಂತ ಒಂದು ಪ್ರಯೋಗ ಹೇಳಿಬಿಡುವಷ್ಟು ಅದು ಚಿಕ್ಕದಾಗಿತ್ತು.

ನಿನ್ನ ಪ್ರಶ್ನೆಯನ್ನು ಎಲ್ಲಿ ಹುಡುಕುತ್ತೀಯ? ಲ್ಯಾನ್ಸೆಟ್‌ನ ಹೊಸ ಸಂಚಿಕೆಯಲ್ಲಿ ಹುಡುಕಿದರೆ ಬಾಸ್ಟನ್ನಿನ ಪ್ರಶ್ನೆ ಸಿಗುತ್ತದೆ. ನಿನ್ನ ವಾರ್ಡಿಗೆ ಹೋಗು. ಮಲೆನಾಡಿನ ಕಡೆಯ ಆಸ್ಪತ್ರೆಯಲ್ಲಿದ್ದೀಯ ಅಂತಿಟ್ಟುಕೋ. ಮಳೆಗಾಲ ಹಿಡಿದರೆ ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿತು, ಒಳ್ಳೆಯ ಕೆಲಸ. ಆದರೆ ವರದಿಯಲ್ಲಿ ಕಾಣದ ಪ್ರಶ್ನೆಗಳು ಎಷ್ಟಿವೆ! ಕಚ್ಚಿದ ಹೊತ್ತಿಗೂ ಮೊದಲ ವಯಲ್ ಪ್ರತಿವಿಷ ರಕ್ತಕ್ಕೆ ಸೇರಿದ ಹೊತ್ತಿಗೂ ನಡುವೆ ಎಷ್ಟು ಗಂಟೆ ಹೋಯಿತು? ಆ ಗಂಟೆಗಳು ಎಲ್ಲಿ ಕಳೆದವು? ನಾಟಿ ವೈದ್ಯರ ಮನೆಯಲ್ಲೋ, ಬಸ್ಸಿಗೆ ಕಾಯುವುದರಲ್ಲೋ, ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ ರೆಫರ್ ಮಾಡುವುದರಲ್ಲೋ? ನಮ್ಮ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ಮಾತ್ರ. ಪಶ್ಚಿಮ ಘಟ್ಟದಲ್ಲಿರುವ ಗೂನು ಮೂಗಿನ ಮಂಡಲದ ಹಾವಿಗೆ ಅದು ನಾಟುವುದಿಲ್ಲ. ಹಾಗಾದರೆ ನಿನ್ನ ವಾರ್ಡಿನಲ್ಲಿ ವಯಲ್ ಮೇಲೆ ವಯಲ್ ಏರಿಸಿದರೂ ರಕ್ತ ಹೆಪ್ಪುಗಟ್ಟದವರು ಯಾರು? ಇನ್ನೂ ಚಿಕ್ಕದು ಬೇಕೇ? ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬೇಕಾದ್ದು ಒಣಗಿದ ಸ್ವಚ್ಛ ಗಾಜಿನ ನಳಿಕೆ, ಅಷ್ಟೇ. ಅದನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ರಕ್ತ ಹೆಪ್ಪುಗಟ್ಟದೆ ಸುಳ್ಳು ಉತ್ತರ ಬರಬಹುದು. ನಿನ್ನ ಜಿಲ್ಲೆಯ ಆಸ್ಪತ್ರೆಗಳಲ್ಲಿ ಆ ನಳಿಕೆಯನ್ನು ಯಾರು, ಹೇಗೆ ತೊಳೆಯುತ್ತಾರೆ? ಇದನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಮೆರೆಯುವಂಥದ್ದೇನೂ ಇಲ್ಲ. ನಾನು ರಿವ್ಯೂವರ್ ಆಗಿದ್ದರೆ ಇಂಥ ಅರ್ಜಿಗೆ ಕಣ್ಣುಮುಚ್ಚಿ ಅಂಕ ಕೊಡುತ್ತೇನೆ.

ಪ್ರಶ್ನೆ ಸಿಕ್ಕಿದ ಮೇಲೆ ಸಂಖ್ಯಾಶಾಸ್ತ್ರಜ್ಞರ ಹತ್ತಿರ ಹೋಗು. ಡೇಟಾ ಬಂದ ಮೇಲಲ್ಲ, ಅರ್ಜಿ ಬರೆಯುವ ಮೊದಲು. ಸುಮಾರು ಅರ್ಧದಷ್ಟು ಜನರಲ್ಲಿ ಇರಬಹುದಾದ ಒಂದು ಸಂಗತಿಯ ಪ್ರಮಾಣವನ್ನು ಶೇ. 5ರಷ್ಟು ಆಚೀಚೆ ಹೇಳಬೇಕಾದರೆ, ಶೇ. 95 ವಿಶ್ವಾಸ ಮಟ್ಟದಲ್ಲಿ, ಸುಮಾರು 384 ಜನ ಬೇಕು. ಶೇ. 10 ಆಚೀಚೆಯಾದರೂ ನಡೆಯುತ್ತದೆ ಅಂದರೆ 96 ಸಾಕು. ಎರಡು ಪಟ್ಟು ನಿಖರತೆಗೆ ನಾಲ್ಕು ಪಟ್ಟು ರೋಗಿಗಳು, ನಾಲ್ಕು ಪಟ್ಟು ಕಿಟ್ಟು, ನಾಲ್ಕು ಪಟ್ಟು ತಿಂಗಳು. ಸಣ್ಣ ಅನುದಾನದ ಹಣೆಬರಹ ಈ ಲೆಕ್ಕದಲ್ಲೇ ತೀರ್ಮಾನವಾಗಿಬಿಡುತ್ತದೆ. ಹಾಗೇ ಇನ್ನೊಂದು. ಮೂವತ್ತು ಜನಕ್ಕೆ ಒಂದು ಔಷಧ ಕೊಟ್ಟೆ, ಒಬ್ಬರಿಗೂ ಅಡ್ಡಪರಿಣಾಮ ಆಗಲಿಲ್ಲ, ಆದ್ದರಿಂದ ಔಷಧ ಸುರಕ್ಷಿತ ಅಂತ ಬರೆಯಬೇಡ. ಒಬ್ಬರಿಗೂ ಆಗದಿದ್ದಾಗ ಬಳಸುವ ‘ಮೂರರ ಸೂತ್ರ’ದಂತೆ ಮೂರನ್ನು ಮೂವತ್ತರಿಂದ ಭಾಗಿಸು: ನೂರಕ್ಕೆ ಹತ್ತು ಜನರಿಗೆ ತೊಂದರೆಯಾಗುವ ಸಾಧ್ಯತೆಯನ್ನು ಕೂಡ ನಿನ್ನ ಅಧ್ಯಯನ ತಳ್ಳಿಹಾಕಿಲ್ಲ. ಸಣ್ಣ ಅಧ್ಯಯನ ಹೇಳಬಲ್ಲದ್ದು ಬೇರೆ. ಕರೆದವರಲ್ಲಿ ಎಷ್ಟು ಜನ ಒಪ್ಪಿದರು, ಒಪ್ಪಿದವರಲ್ಲಿ ಮೂರು ತಿಂಗಳ ಮೇಲೆ ಎಷ್ಟು ಜನ ತಿರುಗಿ ಬಂದರು, ಅಳತೆಗಳು ಒಬ್ಬರಿಂದೊಬ್ಬರಿಗೆ ಎಷ್ಟು ಏರುಪೇರಾಗುತ್ತವೆ. ದೊಡ್ಡ ಅಧ್ಯಯನಕ್ಕೆ ಬೇಕಾದ್ದು ಇದೇ. ‘ಪೈಲಟ್ ಸ್ಟಡಿ’ ಅಂತ ಹೆಸರಿಟ್ಟು ಒಳಗೆ ಔಷಧದ ಗುಣಗಾನ ಮಾಡುವವರೇ ಹೆಚ್ಚು.

ಅನುದಾನ ಕೇಳಲು ಬಾಗಿಲುಗಳಿಗೇನೂ ಬರವಿಲ್ಲ. ಎಂಬಿಬಿಎಸ್ ಓದುವಾಗಲೇ ಎರಡು ತಿಂಗಳ ಅಧ್ಯಯನ ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಎಂ.ಡಿ. ಪ್ರಬಂಧಕ್ಕೂ ಅದರ ನೆರವಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅನುದಾನ ಕೊಡುತ್ತದೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದರ್ಶನ ಮಂಡಳಿ, ನಾವು ವಿಜಿಎಸ್‌ಟಿ ಅನ್ನುವುದು, ಯುವ ವಿಜ್ಞಾನಿಗಳಿಗೆ ಬೀಜಧನದ ಯೋಜನೆ ನಡೆಸಿದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವೃತ್ತಿಯ ಆರಂಭದಲ್ಲಿರುವವರಿಗೇ ಮೀಸಲಾದ ಅನುದಾನವಿದೆ. ಇನ್ನೂ ಮುಂದೆ ಹೋಗುವವರಿಗೆ 2008ರಲ್ಲಿ ಶುರುವಾದ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಿವೆ. ಅವು ಸಂಬಳವನ್ನೂ ಕೊಡುತ್ತವೆ. ವಯಸ್ಸಿನ ಮಿತಿ, ಮೊತ್ತ, ಅರ್ಜಿ ಕರೆಯುವ ತಿಂಗಳು ಬದಲಾಗುತ್ತಲೇ ಇರುತ್ತವೆ, ನೀನೇ ನೋಡಿಕೋ.

ಇನ್ನು ಯಾರೂ ಹೇಳಿಕೊಡದ ಮಾತು. ಮೆಡಿಕಲ್ ಕಾಲೇಜುಗಳಲ್ಲಿ ದುಡ್ಡಿಗಿಂತ ದುಬಾರಿಯಾದದ್ದು ಹೊತ್ತು. ಅನುದಾನ ದುಡ್ಡು ಕೊಡುತ್ತದೆ, ಮಧ್ಯಾಹ್ನಗಳನ್ನು ಕೊಡುವುದಿಲ್ಲ. ಅರ್ಜಿಗೆ ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕೇ ಬೇಕಲ್ಲ, ಆ ಸಹಿಗೆ ಹೋದಾಗಲೇ ಕೇಳು: ‘ಸಾರ್, ಪ್ರಾಜೆಕ್ಟ್ ಮುಗಿಯುವ ತನಕ ವಾರಕ್ಕೆ ಎರಡು ಮಧ್ಯಾಹ್ನ ನನಗೆ ಒಪಿಡಿ, ಕ್ಲಾಸು ಬೇಡ. ಅದನ್ನು ಈ ಪತ್ರದಲ್ಲೇ ಬರೆದುಕೊಡಿ.’ ಅನುದಾನ ಬಂದ ಮೇಲೆ ಕೇಳಿದರೆ ಸಿಗುವುದಿಲ್ಲ. ಸಹಿಯ ದಿನ ಅವರಿಗೂ ಕಾಲೇಜಿಗೆ ಪ್ರಾಜೆಕ್ಟ್ ಬರಲಿ ಅನ್ನುವ ಆಸೆ ಇರುತ್ತದೆ. ಬಾಯಿಮಾತಿಗೆ ಒಪ್ಪಿ ಕಾಗದಕ್ಕೆ ಒಪ್ಪದ ಡೀನ್ ಇದ್ದರೆ, ಪ್ರಶ್ನೆಯನ್ನು ಇನ್ನಷ್ಟು ಚಿಕ್ಕದು ಮಾಡು.

ಬಜೆಟ್ಟಿನಲ್ಲಿ ಯಂತ್ರ ಕೇಳಬೇಡ. ಯಂತ್ರ ಪಕ್ಕದ ವಿಭಾಗದಲ್ಲೋ ಪಕ್ಕದ ಊರಲ್ಲೋ ಇರುತ್ತದೆ. ಅವರನ್ನು ಸಹ-ಸಂಶೋಧಕರಾಗಿ ಸೇರಿಸಿಕೋ. ಕೇಳಬೇಕಾದ್ದು ಮನುಷ್ಯರನ್ನು: ಒಬ್ಬ ಒಳ್ಳೆಯ ಪ್ರಾಜೆಕ್ಟ್ ಅಸಿಸ್ಟೆಂಟ್, ರೋಗಿ ತಿರುಗಿ ಬರಲು ಬಸ್ ಚಾರ್ಜು, ಅವರ ಒಂದು ದಿನದ ಕೂಲಿಯ ನಷ್ಟಕ್ಕೆ ಒಂದಿಷ್ಟು. ರೋಗಿಯ ಬಸ್ ಚಾರ್ಜು ಬರೆಯದ ಅರ್ಜಿ ನೋಡಿದರೆ ಬರೆದವರು ಬಸ್ಸಿನಲ್ಲಿ ಹೋದದ್ದೇ ಇಲ್ಲವೇನೋ ಅನಿಸುತ್ತದೆ.

ಗೈಡ್ ವಿಷಯ ಸೂಕ್ಷ್ಮ. ಸ್ವತಂತ್ರವಾಗುವುದೆಂದರೆ ಗುರುವಿನೊಡನೆ ಜಗಳವಾಡುವುದಲ್ಲ. ಆದರೆ ನಿನ್ನ ಮೊದಲ ಅರ್ಜಿ ಅವರ ಪ್ರಾಜೆಕ್ಟಿನ ಬಾಲದಂತಿದ್ದರೆ ಕಮಿಟಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಇದರಲ್ಲಿ ಈ ಹುಡುಗಿಯದ್ದು ಯಾವುದು? ಗೈಡ್ ಹತ್ತಿರ ಹೋಗಿ ನೇರವಾಗಿ ಮಾತಾಡು. ಮೇಡಂ, ಈ ಭಾಗ ನಾನು ತೆಗೆದುಕೊಳ್ಳುತ್ತೇನೆ, ಆ ಭಾಗ ನಿಮ್ಮದೇ, ಇದರಲ್ಲಿ ಕರೆಸ್ಪಾಂಡಿಂಗ್ ಆಥರ್ ನಾನು. ದೊಡ್ಡ ಮನಸ್ಸಿನವರು ಖುಷಿಪಡುತ್ತಾರೆ, ಸಲಹೆಗಾರರಾಗಿ ಜೊತೆಗಿರುತ್ತಾರೆ. ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸನ್ನು ಎರಡು ವರ್ಷ ಸಹಿಸಬಹುದು. ಬೇರೆಯವರ ಪ್ರಶ್ನೆಯನ್ನು ಮೂವತ್ತು ವರ್ಷ ಹೊತ್ತು ನಡೆಯುವುದು ಕಷ್ಟ. ಎಚ್.ಒ.ಡಿ. ಅನ್ನುವ ಕಾರಣಕ್ಕೆ ಹೆಸರು ಸೇರಿಸುವ ಪದ್ಧತಿಯೊಂದಿದೆ. ಯಾರು ಏನು ಮಾಡುತ್ತಾರೆ ಎಂಬ ಒಂದು ಪುಟವನ್ನು ಕೆಲಸ ಶುರುವಾಗುವ ಮೊದಲೇ ಬರೆದು ಎಲ್ಲರಿಗೂ ಕಳಿಸಿದ್ದರೆ, ಕೊನೆಗೆ ಬಾಯಿಬಿಟ್ಟು ಇಲ್ಲ ಅನ್ನುವ ಪ್ರಸಂಗ ಬರುವುದಿಲ್ಲ.

ಎಥಿಕ್ಸ್ ಕಮಿಟಿಯನ್ನು ಅಡ್ಡಗೋಡೆ ಅಂದುಕೊಳ್ಳಬೇಡ. ಹಾವು ಕಚ್ಚಿ ಕಾಲು ಊದಿಕೊಂಡು ನಡುರಾತ್ರಿ ಬಂದವನ ಹೆಂಡತಿ ನೀನು ಮುಂದಿಟ್ಟ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಾಳೆ. ಅಂಥ ಒಪ್ಪಿಗೆ ಒಪ್ಪಿಗೆಯಲ್ಲ. ಪತ್ರ ಅವಳು ಮಾತಾಡುವ ಕನ್ನಡದಲ್ಲಿರಲಿ, ಓದಿ ಹೇಳಲು ಪುರುಸೊತ್ತಿರುವವರು ಇರಲಿ. ಬೇಡ ಅಂದರೂ ಚಿಕಿತ್ಸೆ ಹಾಗೇ ನಡೆಯುತ್ತದೆ ಅನ್ನುವುದು ಮೊದಲ ಸಾಲಿನಲ್ಲೇ ಬರಲಿ. ಔಷಧದ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ, ಅಂದರೆ ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಲ್ಲಿ, ನೋಂದಣಿ ಆಗಿರಬೇಕು. ಶುರು ಮಾಡಿ ಆಮೇಲೆ ನೋಂದಾಯಿಸುವ ದಾರಿಯನ್ನು 2018ರ ಏಪ್ರಿಲ್ 1ರಿಂದ ಮುಚ್ಚಿದ್ದಾರೆ.

ಲೆಕ್ಕದ ಕಡೆ ಉದಾಸೀನ ಮಾಡಬೇಡ. ಕೇಂದ್ರದ ದುಡ್ಡಾದರೆ ಸಾಮಾನ್ಯ ಹಣಕಾಸು ನಿಯಮಗಳ, ಅಂದರೆ ಜಿ.ಎಫ್.ಆರ್.ನ, 12-ಎ ನಮೂನೆಯಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡಬೇಕು, ಬ್ಯಾಂಕಿನಲ್ಲಿ ಬೆಳೆದ ಬಡ್ಡಿಯನ್ನೂ ಹಿಂದಿರುಗಿಸಬೇಕು. ಕಾಲೇಜಿನ ಅಕೌಂಟ್ಸ್ ವಿಭಾಗದ ಗುಮಾಸ್ತರನ್ನು ಮೊದಲ ವಾರವೇ ಪರಿಚಯ ಮಾಡಿಕೋ. ನಿನ್ನ ಎರಡನೇ ಕಂತು ಬರುವುದು ಬಿಡುವುದು ನೀನು ಬರೆದ ಪೇಪರಿಗಿಂತ ಹೆಚ್ಚಾಗಿ ಅವರ ಮೇಜಿನ ಮೇಲಿದೆ. ಅವರಿಗೆ ಗೊತ್ತಿರುವಷ್ಟು ನಿಯಮ ನಿನ್ನ ಪ್ರೊಫೆಸರಿಗೂ ಗೊತ್ತಿರುವುದಿಲ್ಲ.

ಅರ್ಜಿ ತಿರಸ್ಕೃತವಾದರೆ ಒಂದು ವಾರ ಬೈದುಕೋ. ಆಮೇಲೆ ರಿವ್ಯೂವರ್‌ಗಳ ಟಿಪ್ಪಣಿಯನ್ನು ನಿನ್ನ ವಿಭಾಗದವರಲ್ಲದ ಒಬ್ಬರ ಕೈಯಲ್ಲಿ ಓದಿಸು. ಅಧ್ಯಯನದಲ್ಲಿ ನೀನು ಎಣಿಸಿದ್ದು ಸುಳ್ಳು ಅಂತ ಬಂದರೂ ಪ್ರಕಟಿಸು, ಇಲ್ಲದಿದ್ದರೆ ಇನ್ನೊಂದು ಜಿಲ್ಲೆಯಲ್ಲಿ ಇನ್ನೊಬ್ಬ ಅದೇ ದುಡ್ಡು ಸುರಿದು ಅದೇ ಉತ್ತರ ಕಾಣುತ್ತಾನೆ. ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಹತ್ತಿರ ಮಾತ್ರ ಸುಳಿಯಬೇಡ. ಬಡ್ತಿಗೆ ಪೇಪರ್ ಬೇಕು ಅನ್ನುವ ಅವಸರ ನನಗೂ ಅರ್ಥವಾಗುತ್ತದೆ, ಆದರೆ ಆ ಪಟ್ಟಿ ನಿನ್ನ ಹೆಸರಿಗೆ ಕೊನೇತನಕ ಅಂಟಿಕೊಂಡಿರುತ್ತದೆ.

ಇನ್ನೊಂದು ಮಾತಿದೆ. ಇಷ್ಟು ದಿನ ನೀನು ಬೇರೊಬ್ಬರ ಕೈಕೆಳಗಿದ್ದೆ. ಅನುದಾನ ಬಂದ ದಿನದಿಂದ ನಿನ್ನ ಕೈಕೆಳಗೂ ಒಬ್ಬರು ಬರುತ್ತಾರೆ. ಬಿ.ಎಸ್ಸಿ. ಓದಿದ ಹುಡುಗಿಯೋ ನರ್ಸಿಂಗ್ ಮುಗಿಸಿದ ಹುಡುಗನೋ, ಊರು ಊರು ತಿರುಗಿ ರೋಗಿಗಳ ಮನೆ ಹುಡುಕುವವರು ಅವರೇ. ಅವರ ಕೆಲಸ ಪ್ರಾಜೆಕ್ಟ್ ಇರುವ ತನಕ ಮಾತ್ರ. ಕಂತು ತಡವಾದರೆ ನಿನ್ನ ಸಂಬಳ ನಿಲ್ಲುವುದಿಲ್ಲ, ಅವರದ್ದು ನಿಲ್ಲುತ್ತದೆ. ಆದ್ದರಿಂದ ನೇಮಕದ ಆದೇಶ ಕೊಡುವ ಮೊದಲೇ, ಕಂತು ಬರುವ ತನಕ ಸಂಬಳವನ್ನು ಕಾಲೇಜು ಮುಂಗಡವಾಗಿ ಕೊಡುತ್ತದೆ ಅಂತ ಬರೆಸಿಕೋ. ಕಾಲೇಜು ಒಪ್ಪದಿದ್ದರೆ ಆ ಮಾತನ್ನು ಸಂದರ್ಶನಕ್ಕೆ ಬಂದವರಿಗೆ ಮುಚ್ಚಿಡದೆ ಹೇಳು. ಪ್ರಶ್ನಾವಳಿ ತಿದ್ದುವುದರಲ್ಲೋ, ಡೇಟಾದ ತಪ್ಪು ಹಿಡಿಯುವುದರಲ್ಲೋ ಅವರ ತಲೆ ಓಡಿದ್ದರೆ ಕರಡು ಬರೆಯುವಾಗಲೂ ಕೂರಿಸಿಕೋ, ಪೇಪರಿನಲ್ಲಿ ಅವರ ಹೆಸರಿರಲಿ. ಪ್ರಾಜೆಕ್ಟ್ ಮುಗಿಯಲು ಮೂರು ತಿಂಗಳಿರುವಾಗ ಅನುಭವ ಪತ್ರ ಬರೆದುಕೊಟ್ಟು, ಬೇರೆ ಕಡೆ ಅರ್ಜಿ ಹಾಕಲು ರಜೆ ಕೊಡು.